ಅಮೆರಿಕದ ವಿಮಾನ ಯಾವಾಗ ಇಳಿಯುತ್ತೆ? ಲೆಕ್ಕ ಹಾಕುವುದು ಹೀಗೆ

ಮಗಳ ಟಿಕೆಟ್ ವಾಟ್ಸಾಪಿಗೆ ಬರುತ್ತದೆ. ಬೆಂಗಳೂರು ಬಿಡುವುದು ಮಂಗಳವಾರ ಮಧ್ಯಾಹ್ನ 2, ಸ್ಯಾನ್ ಫ್ರಾನ್ಸಿಸ್ಕೊ ಸೇರುವುದು ಮಂಗಳವಾರ ಸಂಜೆ 5. ‘ಮೂರೇ ಗಂಟೆನಾ? ತೀರ್ಥಹಳ್ಳಿಯಿಂದ ಉಡುಪಿಗೂ ಅಷ್ಟು ಬೇಕಲ್ಲ!’ ಅಂತ ನಮ್ಮ ಭಾವ ಬೆರಗಾಗಿದ್ದರು. ನಗಬೇಡಿ, ಓದಿದವರೂ ಇಲ್ಲೇ ಎಡವುತ್ತಾರೆ.

ಮೊದಲು ದೂರ. ಗೋಡೆಯ ನಕ್ಷೆ ಬೇಡ, ಅದು ಸುಳ್ಳು ಹೇಳುತ್ತದೆ. ಮಕ್ಕಳ ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರವನ್ನು ನೇರ ಅಡ್ಡ ಹಾಯುವುದಿಲ್ಲ. ಟಿಬೆಟ್, ಮಂಗೋಲಿಯ, ಸೈಬೀರಿಯ ಹತ್ತಿ ಅಲಾಸ್ಕದ ಮೇಲೆ ಇಳಿಯುತ್ತದೆ. 30 ಸೆಂಟಿಮೀಟರ್ ಅಗಲದ ಗ್ಲೋಬಾದರೆ ದಾರ ಸುಮಾರು 33 ಸೆಂ.ಮೀ. ಬರುತ್ತದೆ, ಸಮಭಾಜಕದ ಸುತ್ತಳತೆ 94. ಆ ಸುತ್ತು ನಿಜದಲ್ಲಿ 40,000 ಕಿ.ಮೀ. ಅಂದರೆ ನಿಮ್ಮ ದಾರ 14,000 ಕಿ.ಮೀ. ವೆಬ್‌ಸೈಟಿನಲ್ಲಿ 7,560 ಅಂತ ಕಂಡರೆ ಹಿಗ್ಗಬೇಡಿ, ಅದು ನಾಟಿಕಲ್ ಮೈಲಿ, ಹಡಗು-ವಿಮಾನದವರ ಅಳತೆ. ಕಿ.ಮೀ. ಬೇಕಾದರೆ 1.852ರಿಂದ ಗುಣಿಸಿ.

ಹಾರುವ ಹೊತ್ತು: ಗಂಟೆಗೆ 900 ಕಿ.ಮೀ.ನಂತೆ ಭಾಗಿಸಿ, ಏರಿಳಿಯಲು ಒಂದು ಗಂಟೆ ಸೇರಿಸಿ. ಹದಿನಾರೂವರೆ. ಗಾಳಿ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ.

ಇನ್ನು ಗಡಿಯಾರ. ಎಲ್ಲರೂ ಕೆಡುವುದು ಇಲ್ಲಿ. ಟಿಕೆಟ್ಟಿನಲ್ಲಿ ಆಯಾ ಊರಿನ ಗಂಟೆಯೇ ಇರುತ್ತದೆ. ಹಾಗಾಗಿ ಸುಮ್ನೆ ಕಳೆಯಬೇಡಿ, ಎರಡನ್ನೂ ನಮ್ಮ ಗಡಿಯಾರಕ್ಕೆ ತನ್ನಿ. ಅಲ್ಲಿನ ಗಂಟೆಗೆ ಎಷ್ಟು ಸೇರಿಸಬೇಕು? ಅಡಿಕೆ ಸುಲಿಯುವ ಕಾಲಕ್ಕೆ ಹದಿಮೂರೂವರೆ, ಜಡಿಮಳೆಗೆ ಹನ್ನೆರಡೂವರೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಡಿಸೆಂಬರ್ ಅನ್ನಿ: ಮಂಗಳವಾರ ಸಂಜೆ 5ಕ್ಕೆ ಹದಿಮೂರೂವರೆ ಸೇರಿದರೆ ನಮ್ಮ ಬುಧವಾರ ಬೆಳಗ್ಗೆ ಆರೂವರೆ. ಮಧ್ಯಾಹ್ನ 2ರಿಂದ ಅಲ್ಲಿಗೆ ಹದಿನಾರೂವರೆ. ತಾಳೆ ಆಯ್ತಲ್ವಾ?

ವಾಪಸ್ ಬರುವಾಗ ಇನ್ನೂ ಫಜೀತಿ. ಅಲ್ಲಿ ಶುಕ್ರವಾರ ರಾತ್ರಿ 9ಕ್ಕೆ ಹೊರಟರೆ ಇಲ್ಲಿ ಶನಿವಾರ ಬೆಳಗ್ಗೆ ಹತ್ತೂವರೆ. ಇಳಿಯುವುದು ಭಾನುವಾರ 3 ಗಂಟೆಗೆ, ಬೆಳಗಿನ ಜಾವ. ಟಿಕೆಟ್ಟಿನಲ್ಲಿ ಇಳಿಯುವ ಗಂಟೆಯ ಪಕ್ಕದ ಪುಟ್ಟ ‘+2’ ಹೇಳುವುದು ಅದನ್ನೇ, ಹೊರಟ ತಾರೀಖಿಗೆ ಎರಡು ದಿನ ಸೇರಿಸಿ ಅಂತ. ಭಾವನಿಗೆ ಪಂಚಾಂಗದ ಅಭ್ಯಾಸ, ಸೂರ್ಯ ಹುಟ್ಟದೆ ವಾರ ಬದಲಾಗದು. ‘ಭಾನುವಾರ ರಾತ್ರಿ ಮೂರು’ ಅಂತ ಓದಿಕೊಂಡು, ಭಾನುವಾರ ಮಧ್ಯಾಹ್ನ ಹೊರಡೋಣ ಅಂತ ಮಲಗಿದ್ದರು. ಬೆಳಗ್ಗೆ ನಾಲ್ಕಕ್ಕೆ ಮಗಳ ಫೋನು: ‘ಅಪ್ಪಾ, ಯಾವ ಗೇಟಲ್ಲಿದ್ದೀಯ?’

ಅದಕ್ಕೇ ಕ್ಯಾಲೆಂಡರಿನಲ್ಲಿ ‘ಶನಿವಾರ ರಾತ್ರಿ ಕಳೆದು 3’ ಅಂತ ಬರೆದಿಡಿ. ಶಿವಮೊಗ್ಗದಿಂದ ದೇವನಹಳ್ಳಿಗೆ 300 ಕಿ.ಮೀ. ಮೇಲೆಯೇ, ಆರು ಗಂಟೆ ಇಟ್ಟುಕೊಳ್ಳಿ. ವಲಸೆ ತಪಾಸಣೆ, ಲಗೇಜು ಮುಗಿಸಿ ಅವರು ಹೊರಗೆ ಬರಲು ಒಂದು ಗಂಟೆಯಾದರೂ ಹಿಡಿಯುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ 9ಕ್ಕೆ ಹೊರಟರೆ ಸಾಕು.