ಪ್ರತಿ ವರ್ಷ ಯಾಜಕಕಾಂಡದಲ್ಲೇ ನಿಲ್ಲುತ್ತಿದ್ದೆ

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮುಗಿಸಿ ಬರುವಾಗ ಪ್ರತಿ ವರ್ಷ ನನ್ನದು ಒಂದೇ ಹಟ. ಈ ಸಲ ಬೈಬಲ್ ಪೂರ್ತಿ ಓದಬೇಕು. ಒಟ್ಟು 1189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಮೊದಲ ಪುಸ್ತಕ ಆದಿಕಾಂಡ ಕಥೆಯಂತೆ ಓಡುತ್ತಿತ್ತು. ವಿಮೋಚನಕಾಂಡವನ್ನೂ ಹೇಗೋ ದಾಟುತ್ತಿದ್ದೆ. ಮೂರನೇ ಪುಸ್ತಕ ಯಾಜಕಕಾಂಡ, ಬರೀ ನಿಯಮಗಳೇ ಹೆಚ್ಚು, ಬರುವಷ್ಟರಲ್ಲಿ ಜನವರಿ ಕೊನೆ. ಭಾಲ್ಕಿ ಕಡೆಯ ನಮ್ಮ ಹೊಲದಲ್ಲಿ ತೊಗರಿ ರಾಶಿಯ ಗಡಿಬಿಡಿ. ಧೂಳು, ಆಳುಗಳ ಬುತ್ತಿ, ಚೀಲ ಹೊಲಿಯುವ ಕೆಲಸ. ರಾತ್ರಿ ಬಲಿಯ ನಿಯಮ ಓದುತ್ತಾ ಕುಳಿತಲ್ಲೇ ನಿದ್ದೆ. ಆರು ವರ್ಷ ಹೀಗೇ ಆಯಿತು.

ಆಮೇಲೆ ಆ ಲೆಕ್ಕ ಬಿಟ್ಟೆ. ಒಂದು ಹಂಗಾಮಿಗೆ ಒಂದೇ ಭಾಗ ಹಿಡಿದುಕೊಂಡೆ. ದಿನಾ ಅದನ್ನೇ ಓದುವುದು, ರಾತ್ರಿ ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವುದು. ಇವತ್ತು ಕಣ್ಣಿಗೆ ಬಿದ್ದದ್ದು ಒಂದು ಸಾಲು, ಅದರ ಬಗ್ಗೆ ದೇವರಿಗೆ ಹೇಳುವುದು ಇನ್ನೊಂದು. ಅತ್ತಿ ನೋಡಿ, "ಏನವ್ವ, ದೇವ್ರಿಗಿ ಹಾಜರಿ ಹಾಕ್ಲಾಕತ್ತೀದಿ?" ಅಂತ ನಕ್ಕರು.

ಮೊದಲು ಹಿಡಿದದ್ದು ಯಾಕೋಬನ ಪತ್ರಿಕೆಯ, ಅಂದರೆ ಬೈಬಲಿನಲ್ಲಿರುವ ಯಾಕೋಬನ ಪತ್ರದ, ಐದನೇ ಅಧ್ಯಾಯ. ರೈತ ಮುಂಗಾರು ಹಿಂಗಾರು ಮಳೆಗೆ ತಾಳ್ಮೆಯಿಂದ ಕಾಯುತ್ತಾನೆ ಅನ್ನುವ ಮಾತು ಅಲ್ಲಿದೆ. ಆ ವರ್ಷ ಜೂನಿನ ಮಿರಗ ಮಳೆ ಬರಲೇ ಇಲ್ಲ. ಬಿತ್ತುವ ಬೀಜ ಪಡಸಾಲೆಯಲ್ಲಿ ಹಾಗೇ ಬಿದ್ದಿತ್ತು. ಚಿಕ್ಕಂದಿನಿಂದ ಆ ವಚನ ಕೇಳಿದ್ದೆ, ನಮ್ಮದೇ ಮುಂಗಾರು ಅಂದುಕೊಂಡಿದ್ದೆ. ಪಾಸ್ಟರ್ ಹೇಳಿದ ಮೇಲೆ ಗೊತ್ತಾಯಿತು: ಯೇಸು ಓಡಾಡಿದ ನಾಡಿನಲ್ಲಿ ಮೊದಲ ಮಳೆ ಬರುವುದು ಅಕ್ಟೋಬರ್, ನವೆಂಬರ್‌ಗೆ. ಕೊನೆಯ ಮಳೆ ಮಾರ್ಚ್, ಏಪ್ರಿಲ್‌ಗೆ. ನಾವು ಆಕಾಶ ನೋಡುತ್ತಾ ಕೂರುವ ಜೂನ್ ಅಲ್ಲಿ ಒಣ ಬೇಸಿಗೆ! ಕನ್ನಡಕ್ಕೆ ತಂದವರು ನಮ್ಮ ಮಾತು ಹಾಕಿದ್ದಾರೆ, ತಿಂಗಳು ಮಾತ್ರ ಅವರದೇ. ಮೊದಲು ಸ್ವಲ್ಪ ಮೋಸಹೋದ ಹಾಗೆ ಅನಿಸಿತು. ನಾಲ್ಕು ದಿನ ಬಿಟ್ಟು ಯೋಚಿಸಿದರೆ, ಆ ರೈತನೂ ಬೀಜ ಪಡಸಾಲೆಯಲ್ಲಿಟ್ಟು ಹೀಗೇ ಕೂತಿದ್ದನಲ್ವಾ? ಅವತ್ತಿನಿಂದ ಅವನೂ ನಮ್ಮೂರವನಾದ.

ಬೆಳಗಿನ ಪ್ರಾರ್ಥನೆಗೆ ಬೇರೆ ಹೊತ್ತು ಸಿಗುವುದಿಲ್ಲ. ರೊಟ್ಟಿ ಬಡಿಯುವಾಗಲೇ ಅದು. ದಿನಕ್ಕೆ ಹದಿನಾಲ್ಕು ರೊಟ್ಟಿ, ಒಂದೊಂದಕ್ಕೆ ಒಬ್ಬೊಬ್ಬರ ಹೆಸರು. ಒಂಬತ್ತನೆಯದು ಮೈದುನನದು. ಬದುವಿನ ವಿಷಯಕ್ಕೆ ಅವನಿಗೂ ನಮಗೂ ಮಾತಿಲ್ಲ. ಅದೇನೋ, ಆ ರೊಟ್ಟಿಯೇ ಹೆಂಚಿಗೆ ಹಾಕುವಾಗ ಹರಿಯುತ್ತದೆ.

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ, ಬರುವಾಗ ನಮ್ಮ ಕರಿ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಆಗ ಬೈಬಲಿನ ಕೀರ್ತನೆಗಳ ಪುಸ್ತಕದ 143ನೇ ಕೀರ್ತನೆ. ಒಣಗಿದ ಭೂಮಿಯಂತೆ ನಿನಗಾಗಿ ಬಾಯಾರಿದ್ದೇನೆ ಅನ್ನುವ ಅರ್ಥದ ಮಾತಿದೆ, ಬಿಡಿಸಿ ಹೇಳುವುದೇ ಬೇಡ. ಚಹಾ ಬಿಡುವ ಉಪವಾಸ ಒಮ್ಮೆ ಮಾಡಿದೆ. ತಲೆನೋವು ಬಂದು ಮನೆಯವರ ಮೇಲೆ ರೇಗಿದ್ದೇ ಜಾಸ್ತಿ. ಈಗ ಸುಮ್ನೆ ಬಾಗಿಲ ಮುಂದೆ ದಾರಿಹೋಕರಿಗೆ ಒಂದು ಕೊಡ ನೀರು ಇಡುತ್ತೇನೆ.

ಒಂದು ವರ್ಷ ಕ್ರಿಸ್ಮಸ್ಸಿಗೆ ಮೂರು ವಾರ ಇರುವಾಗ ತೊಗರಿಗೆ ನೆಟೆ ಬಂತು. ಕಾಯಿ ಕಟ್ಟಿದ ಗಿಡ ನಿಂತಲ್ಲೇ ಒಣಗಿತು. ಅದು ಮಣ್ಣಿನೊಳಗಿನ ಬೂಷ್ಟಿನಿಂದ ಬರುವ ರೋಗ. ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿ ಹಾಕಿದರೆ ಹೆಚ್ಚಾಗುತ್ತದೆ. ನಾವು ಸತತ ಮೂರು ವರ್ಷ ಹಾಕಿದ್ದೆವು. ಹಾಗಾಗಿ ದೇವರ ಮೇಲೆ ಪೂರ್ತಿ ಸಿಟ್ಟಾಗುವ ಹಕ್ಕೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಹತ್ತು ದಿನ "ಇವತ್ತೂ ಏನಿಲ್ಲ" ಅಂತಷ್ಟೇ ಇದೆ. ಆಗ 88ನೇ ಕೀರ್ತನೆಗೆ ಬಂದೆ. ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದನ್ನೂ ತೆಗೆಯದೆ ಬಿಟ್ಟಿದ್ದಾರಲ್ಲ ಅನ್ನುವುದೇ ಆ ಕ್ರಿಸ್ಮಸ್ಸಿನಲ್ಲಿ ನನಗೆ ದೊಡ್ಡ ಸಮಾಧಾನ. ಕ್ಯಾರೊಲ್ಸ್ ಹಾಡಲು ಮನೆಮನೆಗೆ ಹೋದಾಗ ನಾನೂ ಹೋದೆ, ಹಾಡಲಿಲ್ಲ.

ಫೆಬ್ರವರಿಯಲ್ಲಿ ಬಿಳಿಜೋಳ ಕೊಯ್ಯುವಾಗ ಹಕ್ಕಲು, ಅಂದರೆ ಕೊಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ, ಆಯುವ ಮುದುಕಿಯರು ಬಂದರು. ಬೈಬಲಿನಲ್ಲಿ ಹಕ್ಕಲಿನ ಮಾತು ಎಲ್ಲೋ ಇತ್ತಲ್ಲ ಅಂತ ಹುಡುಕಿದೆ. ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದ ವಿಧವೆ ರೂತಳ ಕಥೆ ಗೊತ್ತಿತ್ತು, ಆದರೆ ನಿಯಮ ಇರುವುದು ಯಾಜಕಕಾಂಡದ 19ರಲ್ಲಿ! ಹೊಲದ ಅಂಚಿನವರೆಗೆ ಕೊಯ್ಯಬೇಡ, ಹಕ್ಕಲು ಆಯಬೇಡ, ಬಡವರಿಗೂ ಪರದೇಶಿಗೂ ಬಿಡು. ಯಾವ ಪುಸ್ತಕ ನೋಡಿ ತೂಕಡಿಸುತ್ತಿದ್ದೆನೋ ಅದು ಹೊಲದ ವಿಷಯ ಹೇಳುತ್ತಿತ್ತು. ಮನೆಯವರು ಮೊದಲು ಗೊಣಗಿದರು, ಆಮೇಲೆ ಬದುವಿನ ಪಕ್ಕದ ಎರಡು ಸಾಲು ಬಿಟ್ಟರು.

ಮರುದಿನ ಮುದುಕಿಯರು ಬರುವ ಮೊದಲೇ ಮೈದುನನ ಎತ್ತು ಬದು ದಾಟಿ ಬಂದು ಅಷ್ಟನ್ನೂ ಮೇಯ್ದು ಹೋಗಿತ್ತು. ಹಕ್ಕಲು ಅವನಿಗೂ ಸೇರುತ್ತದಾ ಅಂತ ಯಾಜಕಕಾಂಡದಲ್ಲಿ ಇನ್ನೂ ಹುಡುಕುತ್ತಿದ್ದೇನೆ.