ಆಡಿಟರ ಕಚೇರಿಯಲ್ಲಿ ಏಳು ವಾರ: ನನ್ನ ಇಂಟರ್ನ್‌ಶಿಪ್ ಅನುಭವ

ನಾನು ಕಾಸರಗೋಡಿನಲ್ಲಿ ಬಿ.ಕಾಂ. ಓದುತ್ತಿದ್ದಾಗ ಇಂಟರ್ನ್‌ಶಿಪ್ ಕಡ್ಡಾಯವಾಗಿರಲಿಲ್ಲ. 2024ರಲ್ಲಿ ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷಗಳ ಪದವಿ ಆರಂಭವಾದ ಬಳಿಕ ಅದು ಪಠ್ಯಕ್ರಮದೊಳಗೇ ಸೇರಿಕೊಂಡಿದೆ. ಹಾಗಾಗಿ ಈಗ ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮಕ್ಕಳು ‘ಎಲ್ಲಿ ಸಿಗುತ್ತದೆ, ಹೇಗೆ ಕೇಳುವುದು’ ಎಂದು ನನ್ನನ್ನು ವಿಚಾರಿಸುತ್ತಾರೆ. 2023ರ ಬೇಸಗೆ ರಜೆಯಲ್ಲಿ ನಾನು ಮಾಡಿದ್ದನ್ನು, ಮಾಡಿದ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಹಣಕ್ಕೆ ಸಂಬಂಧಿಸಿದ್ದು. ಜಾಲತಾಣಗಳ ಮೂಲಕ ಹದಿನಾಲ್ಕು ಅರ್ಜಿಗಳನ್ನು ಹಾಕಿದೆ. ಹೆಚ್ಚಿನವುಗಳಿಗೆ ಉತ್ತರವೇ ಬರಲಿಲ್ಲ. ಉತ್ತರಿಸಿದ ಒಂದು ಸಂಸ್ಥೆಯು ‘ನೋಂದಣಿ ಶುಲ್ಕ’ವೆಂದು ಸಾವಿರ ರೂಪಾಯಿ ಕೇಳಿತು. ಕೊಟ್ಟೆ. ಎರಡು ವಾರಗಳ ಕಾಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರ ಜಾಹೀರಾತುಗಳನ್ನು ಹಂಚಿದ ಮೇಲೆ ಒಂದು ಪ್ರಮಾಣಪತ್ರದ ಪಿಡಿಎಫ್ ಬಂತು. ಅದರಲ್ಲಿ ನನ್ನ ಹೆಸರಿನ ಕಾಗುಣಿತವೂ ಸರಿಯಿರಲಿಲ್ಲ. ಕೆಲಸ ಕೊಡುವವರು ಸಂಬಳ ಕೊಡದಿರಬಹುದು, ಆದರೆ ಕೆಲಸ ಮಾಡುವವರಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕೆಂಬುದು ನನಗೆ ಸಾವಿರ ರೂಪಾಯಿಗೆ ತಿಳಿಯಿತು.

ಆ ಬಳಿಕ ಊರಲ್ಲೇ ಹುಡುಕಲು ಹೊರಟೆ. ಅಲ್ಲಿಯೂ ಎಡವಿದೆ. ಪೇಟೆಯ ಆಡಿಟರ ಕಚೇರಿಗಳ ಬಾಗಿಲು ತಟ್ಟಲು ನಾನು ಆರಿಸಿಕೊಂಡದ್ದು ಮಾರ್ಚ್ ತಿಂಗಳ ಕೊನೆಯ ವಾರವನ್ನು. ಆರ್ಥಿಕ ವರ್ಷ ಮುಗಿಯುವ ಆ ದಿನಗಳಲ್ಲಿ ಅಲ್ಲಿ ಯಾರಿಗೂ ತಲೆಯೆತ್ತಲು ಪುರುಸೊತ್ತಿರುವುದಿಲ್ಲವೆಂಬುದು ವಾಣಿಜ್ಯ ಓದುತ್ತಿದ್ದ ನನಗೆ ಹೊಳೆಯಬೇಕಿತ್ತು. ನನ್ನ ಕೈಯಲ್ಲಿದ್ದ ಇಂಗ್ಲಿಷ್ ಅರ್ಜಿಯೋ, ಎಲ್ಲಿಂದಲೋ ನಕಲು ಮಾಡಿದ್ದು. ನಾನು ಉತ್ಸಾಹಿ, ಶ್ರಮಜೀವಿ, ತಂಡದಲ್ಲಿ ಬೆರೆಯುವವ ಎಂದೆಲ್ಲ ಅದರಲ್ಲಿತ್ತು. ಐದು ಕಚೇರಿಗಳಲ್ಲಿ ಬೇಡವೆಂದರು. ಆರನೆಯವರು ಮಾತ್ರ ಒಂದು ಪ್ರಶ್ನೆ ಕೇಳಿದರು: “ಆರ್ಟಿಕಲ್‌ಶಿಪ್ಪಿಗೆ ಬಂದದ್ದೋ?” ನನಗೆ ಅದಕ್ಕೂ ಇಂಟರ್ನ್‌ಶಿಪ್ಪಿಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಆರ್ಟಿಕಲ್‌ಶಿಪ್ ಎಂದರೆ ಸಿ.ಎ. (ಚಾರ್ಟರ್ಡ್ ಅಕೌಂಟೆಂಟ್) ಓದಿನ ಇಂಟರ್‌ಮೀಡಿಯೆಟ್ ಹಂತದ ಬಳಿಕ ಸಿ.ಎ. ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ವರ್ಷಗಟ್ಟಲೆ ಪಡೆಯುವ ತರಬೇತಿ ಎಂದು ಅವರೇ ವಿವರಿಸಿ, “ಇದು ಅದಲ್ಲ ಅಂತಾದರೆ ನಿನಗೆ ಏನು ಬರುತ್ತದೆ ಅಂತ ಬರೆದುಕೊಂಡು ಏಪ್ರಿಲಿನಲ್ಲಿ ಬಾ” ಎಂದು ಕಳುಹಿಸಿದರು.

ನನಗೆ ಏನು ಬರುತ್ತದೆ? ಮನೆಯಲ್ಲಿ ಕುಳಿತು ಯೋಚಿಸಿದಾಗ ಹೊಳೆದದ್ದು ಮೂರೇ ಸಂಗತಿಗಳು. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಕಲಿತಿದ್ದೆ. ಮಾವನ ಅಡಿಕೆ ಅಂಗಡಿಯಲ್ಲಿ ಎರಡು ರಜೆಗಳ ಕಾಲ ಕಿರ್ದಿ, ಅಂದರೆ ದಿನವಹಿ ಲೆಕ್ಕದ ಪುಸ್ತಕ, ಬರೆದಿದ್ದೆ. ಕನ್ನಡ, ಮಲಯಾಳ ಎರಡನ್ನೂ ಓದಿ ಬರೆಯಬಲ್ಲೆ. ಮೂರನೆಯದನ್ನು ಅರ್ಹತೆಯೆಂದು ಅದುವರೆಗೆ ನಾನು ಎಣಿಸಿಯೇ ಇರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದವನೆಂಬುದನ್ನು ಆದಷ್ಟು ಮುಚ್ಚಿಡುವುದೇ ನನ್ನ ರೂಢಿಯಾಗಿತ್ತು. ಈ ಮೂರು ಸಂಗತಿಗಳನ್ನೂ, ಏಪ್ರಿಲ್ 10ರಿಂದ ಮೇ 20ರವರೆಗೆ ದಿನವಿಡೀ ಬರಬಲ್ಲೆನೆಂಬುದನ್ನೂ ಅರ್ಧ ಪುಟದಲ್ಲಿ ಬರೆದು, ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರವನ್ನೂ ಪಡೆದು ಮತ್ತೆ ಹೋದೆ. ಆಡಿಟರು ಓದಿ, “ಕಿರ್ದಿ ಓದುತ್ತೀಯಾ? ಕೈಬರಹದ್ದು?” ಎಂದರು. ಅವರ ಕಕ್ಷಿದಾರರಲ್ಲಿ ಮಂಜೇಶ್ವರ, ಬದಿಯಡ್ಕ ಕಡೆಯ ಹಳೆಯ ವ್ಯಾಪಾರಿಗಳು ಹಲವರಿದ್ದರು. ಅವರು ಲೆಕ್ಕ ಬರೆಯುತ್ತಿದ್ದದ್ದು ಕನ್ನಡದಲ್ಲಿ, ಕಚೇರಿಯ ಮೂವರು ಸಿಬ್ಬಂದಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಮರು ಸೋಮವಾರದಿಂದ ಬರಲು ಹೇಳಿದರು.

ಮೊದಲ ವಾರವಿಡೀ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಚುಚ್ಚುವ ಕೆಲಸ. ಬೇಸರವಾಯಿತೆಂದು ಹೇಳದೆ ಇರಲಾರೆ. ಎರಡನೆಯ ವಾರದಲ್ಲಿ ಕಚೇರಿಯ ಹಿರಿಯ ಸಿಬ್ಬಂದಿ, ಎಲ್ಲರೂ ಚೇಚಿ (ಮಲಯಾಳದಲ್ಲಿ ಅಕ್ಕ) ಎಂದೇ ಕರೆಯುತ್ತಿದ್ದವರು, ಜಿಎಸ್‌ಟಿಯ ಕೆಲಸಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮಾರಾಟದ ವಿವರವಿರುವ ಜಿಎಸ್‌ಟಿಆರ್-1ನ್ನು ಮರುತಿಂಗಳ 11ರೊಳಗೆ, ತೆರಿಗೆ ಕಟ್ಟುವ 3ಬಿಯನ್ನು 20ರೊಳಗೆ ಸಲ್ಲಿಸಬೇಕೆಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ; ಆದರೆ ತಿಂಗಳಿಗೊಮ್ಮೆ ಸಲ್ಲಿಸುವವರ ಪಾಲಿಗೆ ಮಾರಿದವರು ಸಲ್ಲಿಸಿದ ವಿವರಗಳಿಂದ 14ನೇ ತಾರೀಕಿಗೆ ಸಿದ್ಧವಾಗುವ 2ಬಿ ಪಟ್ಟಿಯನ್ನು ಖರೀದಿ ಬಿಲ್ಲುಗಳೊಂದಿಗೆ ಸಾಲುಸಾಲಾಗಿ ತಾಳೆ ನೋಡಲು ನಡುವೆ ಉಳಿಯುವುದು ಆರೇ ದಿನಗಳೆಂಬುದು, ಮಾರಿದವನು ತನ್ನ ವಿವರ ಸಲ್ಲಿಸದಿದ್ದರೆ ಕೊಂಡವನಿಗೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ ಸಿಗದೆ ಫೋನಿನಲ್ಲಿ ಜಗಳವೇ ಆಗುತ್ತದೆಂಬುದು ಪುಸ್ತಕದಲ್ಲಿರಲಿಲ್ಲ. ಅದೇ ರೀತಿ, ರೈತನಿಂದ ಸಿಪ್ಪೆ ಸಹಿತ ಗೇರುಬೀಜ ಕೊಳ್ಳುವ ನೋಂದಾಯಿತ ವ್ಯಾಪಾರಿಯು ಆ ಖರೀದಿಯ ಮೇಲಿನ ತೆರಿಗೆಯನ್ನು ತಾನೇ ಕಟ್ಟಬೇಕೆಂಬ ನಿಯಮ ತರಗತಿಯಲ್ಲಿ ಒಂದು ಸಾಲಾಗಿ ದಾಟಿಹೋಗಿತ್ತು. ನಮ್ಮಲ್ಲಿ ಏಪ್ರಿಲ್ ಎಂದರೆ ಗೇರುಬೀಜದ ಕಾಲ. ಮನೆಯ ಗುಡ್ಡೆಯಲ್ಲಿ ಹೆಕ್ಕಿ ಅಂಗಡಿಗೆ ಹಾಕಿದ ಬೀಜದ ಇನ್ನೊಂದು ತುದಿಯನ್ನು ನಾನು ಕಂಡದ್ದು ಆ ಮೇಜಿನ ಮೇಲೆ.

ಕಿರ್ದಿಯ ಕೆಲಸ ನನಗೆ ಸಲೀಸು ಎಂದುಕೊಂಡಿದ್ದೆ. ಒಬ್ಬ ಅಡಿಕೆ ವ್ಯಾಪಾರಿಯ ವರ್ಷದ ಕಿರ್ದಿಯನ್ನು ಟ್ಯಾಲಿಗೆ ಏರಿಸಿ ನಾಲ್ಕು ದಿನಗಳಲ್ಲಿ ಮುಗಿಸಿದೆ. ದಾಸ್ತಾನು ಹೊಂದಲಿಲ್ಲ. ಮತ್ತೆರಡು ದಿನ ಕೂಡಿದರೂ ಕಳೆದರೂ ಅದೇ ವ್ಯತ್ಯಾಸ. ‘ಹೊ’ ಎಂದರೆ ಹೊಸ ಅಡಿಕೆ, ‘ಹ’ ಎಂದರೆ ಹಳತು, ‘ಪ’ ಎಂದರೆ ಪಟೋರವೆಂಬ ದರ್ಜೆಯ ಅಡಿಕೆ ಎಂದು ಸರಿಯಾಗಿಯೇ ಓದಿದ್ದೆ. ಆದರೆ ಅಲ್ಲಲ್ಲಿ ‘ಉ’ ಎಂದಿದ್ದುದನ್ನು ‘ಉಳಿಕೆ’ ಎಂದು ತಿಳಿದು, ಬಾಕಿಯ ಟಿಪ್ಪಣಿಯೆಂದು ಬಿಟ್ಟಿದ್ದೆ. ಸಂಶಯ ಬಂದರೂ ಕೇಳಲು ಸಂಕೋಚ. ಕನ್ನಡ ಓದುವುದಕ್ಕೆಂದೇ ಬಂದವನು ಕನ್ನಡದ ಒಂದಕ್ಷರದ ಅರ್ಥ ಕೇಳುವುದು ಹೇಗೆ? ಕೊನೆಗೆ ಚೇಚಿಯೇ ನನ್ನ ಮುಖ ನೋಡಿ, ವ್ಯಾಪಾರಿಗೆ ಫೋನು ಹಚ್ಚಿ ಕೈಗೆ ಕೊಟ್ಟರು. “ಅದು ಉಳ್ಳಿ ಮಾರಾಯಾ, ಉಳ್ಳಿಗಡ್ಡೆ!” ಎಂದು ಅವರು ನಕ್ಕರು. ಉಳ್ಳಿಗಡ್ಡೆಯೂ ಅಡಿಕೆಯ ಒಂದು ದರ್ಜೆ. ಮಾವನ ಅಂಗಡಿಯಲ್ಲಿ ನೂರು ಸಲ ಕೇಳಿದ್ದ ಹೆಸರು. ಆ ಖರೀದಿಗಳನ್ನೆಲ್ಲ ನಮೂದಿಸಿದ ಮೇಲೆ ಲೆಕ್ಕ ಹೊಂದಿತು. ಎರಡು ನಿಮಿಷದ ಫೋನಿನಲ್ಲಿ ಮುಗಿಯಬೇಕಿದ್ದುದಕ್ಕೆ ಎರಡು ದಿನ ಹಾಳು ಮಾಡಿದ್ದೆ. ಅಂದಿನಿಂದ ಪ್ರತಿದಿನ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಆ ದಿನ ಮಾಡಿದ ಕೆಲಸ, ತಿಳಿಯದ ಸಂಗತಿ, ಯಾರನ್ನು ಕೇಳಬೇಕು ಎಂಬ ಮೂರನ್ನು ಬರೆದು, ಮರುದಿನ ಬೆಳಿಗ್ಗೆ ಕೆಲಸ ಬಿರುಸಾಗುವ ಮೊದಲು ಕೇಳಿಬಿಡುತ್ತಿದ್ದೆ.

ಸಣ್ಣ ಊರಿನ ಇಂಟರ್ನ್‌ಶಿಪ್ಪಿನಲ್ಲಿ ಒಂದು ಕಷ್ಟವಿದೆ. ಲೆಕ್ಕ ಯಾರದೋ ಅಪರಿಚಿತರದ್ದಾಗಿರುವುದಿಲ್ಲ. ಆ ಮೇ ತಿಂಗಳಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಸಂಬಂಧಿಕರೊಬ್ಬರು ಪಕ್ಕದಲ್ಲಿ ಕುಳಿತು, ಇಂಥವರಿಗೆ ನಿಜವಾಗಿ ಎಷ್ಟು ಹುಟ್ಟುವಳಿಯಿದೆಯೆಂದು ಮೆಲ್ಲನೆ ಕೇಳಿದರು. ನಾನಿನ್ನೂ ಬಿಲ್ಲು ಜೋಡಿಸುವವನೇ ಎಂದು ಹೇಳಿ ಪಾಯಸಕ್ಕೆ ಕೈಹಾಕಿದೆ.

ಮೇ 20ಕ್ಕೆ ಬಿಡಬೇಕಿತ್ತು. ವರ್ಷದ ಕೊನೆಯ ತ್ರೈಮಾಸಿಕದ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ವಿವರ ಸಲ್ಲಿಸಲು ಮೇ 31 ಗಡುವು. ಅಲ್ಲಿಯವರೆಗೆ ನಿಲ್ಲಬಹುದೇ ಎಂದು ಚೇಚಿ ಕೇಳಿದಾಗ ಒಪ್ಪಿದೆ. ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಕಂಡದ್ದು ಆ ಹತ್ತು ದಿನಗಳಲ್ಲಿ. ಸಂಬಳದ ಮಾತು ನಾನಾಗಿ ಎತ್ತಿರಲಿಲ್ಲ. ಕೊನೆಯ ದಿನ ಲಕೋಟೆಯಲ್ಲಿ ನಾಲ್ಕು ಸಾವಿರ ರೂಪಾಯಿ ಕೊಟ್ಟರು. ಬಸ್ಸಿನ ಖರ್ಚಾದರೂ ಸಿಗುವುದೇ ಎಂದು ಮೊದಲೇ ಕೇಳಿದ್ದರೆ ಅವರು ಬೇಸರಿಸುತ್ತಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ಸರಕಾರದ ಯೋಜನೆಗಳ ಬಗ್ಗೆ ಕೇಳುವವರಿಗೆ ಒಂದು ಮಾತು: 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು 21ರಿಂದ 24 ವರ್ಷದವರಿಗೆಂದು, ಅದೂ ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆಂದು ಪ್ರಕಟಿಸಿದ್ದರು. ಅರ್ಜಿ ತುಂಬುವ ಮೊದಲು ಆಯಾ ವರ್ಷದ ಅರ್ಹತೆಯನ್ನು ಓದಿಕೊಳ್ಳಿ.

ಪ್ರಮಾಣಪತ್ರವನ್ನು ಕೆಲಸ ಬಿಡುವ ಮುನ್ನವೇ ಕೇಳಿ ಪಡೆಯಬೇಕು. ನನ್ನದರ ಮೊದಲ ಕರಡಿನಲ್ಲಿ ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಇತ್ತು. ನೋಟ್‌ಬುಕ್ಕನ್ನು ಮುಂದಿಟ್ಟು, ಮಾಡಿದ ಕೆಲಸಗಳನ್ನು ಸೇರಿಸಬಹುದೇ ಎಂದು ವಿನಂತಿಸಿದೆ. ಆಡಿಟರು ಪುಟ ತಿರುವಿ ತಾವೇ ಹೇಳಿ ಬರೆಸಿದರು: ದಿನಾಂಕಗಳು, 2ಬಿ ತಾಳೆ, ಟಿಡಿಎಸ್ ವಿವರ, ಕನ್ನಡ ಕಿರ್ದಿಯಿಂದ ಟ್ಯಾಲಿಗೆ ಲೆಕ್ಕ ಏರಿಸಿದ್ದು. ಮರುವರ್ಷ ಮಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಾಗಿ ಸಂದರ್ಶನಕ್ಕೆ ಕುಳಿತಾಗ, ಎದುರಿಗಿದ್ದವರು ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಕಿರ್ದಿಯಲ್ಲಿ ತಪ್ಪುವುದು ಎಲ್ಲಿ ಎಂದು ಕೇಳಿದರು. ನಾನು ‘ಉ’ ಅಕ್ಷರದ ಕತೆ ಹೇಳಿದೆ.