ಹಾಲಿನ ಲೆಕ್ಕವೂ ಸ್ಕೋಪ್ ಎರರ್ರೂ: ನನ್ನ ಅನುಭವ

ನಮ್ಮ ಹಿರಿಯರೊಬ್ಬರು ಕೊನೆಯವರೆಗೂ ಒಂದೇ ಮಾತು ಹೇಳುತ್ತಿದ್ದರು: "ಟೋಟಲ್ಲೆಲ್ಲ ಸ್ಟೋರ್ಡ್ ಪ್ರೊಸೀಜರ್‌ನಲ್ಲೇ ಮಾಡಿಬಿಡಪ್ಪ, ರಿಪೋರ್ಟ್ ಒಳಗೆ ಕೈ ಹಾಕಬೇಡ." ಅಂದರೆ ಕೂಡುವುದೆಲ್ಲ ಡೇಟಾಬೇಸ್ ಒಳಗಿನ ಪ್ರೋಗ್ರಾಮಿನಲ್ಲೇ ಆಗಲಿ ಅಂತ. ನಾನು ಕೇಳಲಿಲ್ಲ. ಈಗ ಹಾಲಿನ ಲೆಕ್ಕದ ಆ ರಿಪೋರ್ಟ್ ಎರಡು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಓಡುತ್ತಿದೆ. ಒಂದು ಪೈಸೆ ವ್ಯತ್ಯಾಸ ಬಂದಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು.

ಕೆಲಸ ಒಂದು ಹಾಲು ಒಕ್ಕೂಟದ್ದು, ಎಸ್‌ಎಸ್‌ಆರ್‌ಎಸ್‌ನಲ್ಲಿ (ಡೇಟಾಬೇಸಿನಿಂದ ರಿಪೋರ್ಟ್ ತೆಗೆಯುವ ಮೈಕ್ರೋಸಾಫ್ಟ್ ತಂತ್ರಾಂಶ). ತಾಲ್ಲೂಕು, ಅದರೊಳಗೆ ರೂಟ್, ರೂಟ್ ಒಳಗೆ ಸಂಘ, ಸಂಘದೊಳಗೆ ದಿನದಿನದ ಬೆಳಗಿನ ಹಾಲು, ಸಂಜೆ ಹಾಲು. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ). ಕೊನೆಗೆ ಪಶು ಆಹಾರದ ಕಡಿತ. 45 ಸಾವಿರಕ್ಕೆ ಮಾತಾಗಿ 15 ಸಾವಿರ ಮುಂಗಡ ಸಿಕ್ಕಿತ್ತು. ಕ್ರಿಸ್ಟಲ್ ಅನ್ನುವ ಇನ್ನೊಂದು ರಿಪೋರ್ಟ್ ತಂತ್ರಾಂಶದಲ್ಲಿ ಏಳೆಂಟು ವರ್ಷ ಪಳಗಿದ ಕೈ, ಹತ್ತು ದಿನದಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಎರಡೂವರೆ ತಿಂಗಳು ತಿಂದಿತು. ನಡುವೆ ಆರೂವರೆ ಸಾವಿರ ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಬೇರೆ ಮಾಡಿದೆ. ಅದರಲ್ಲಿ ಬಣ್ಣಬಣ್ಣದ ಚಾರ್ಟ್ ಹೇಳಿಕೊಟ್ಟರು, ಸ್ಕೋಪ್ (ಒಂದು ಮೊತ್ತ ಯಾವ ಮಟ್ಟದ ಸಾಲುಗಳನ್ನು ಕೂಡಬೇಕು ಅನ್ನುವುದು) ಸುದ್ದಿಯೇ ಇಲ್ಲ.

ಮೊದಲ ಪೆಟ್ಟು ತಾಲ್ಲೂಕಿನ ಹಾಲಿನಲ್ಲಿ ಸಂಘದ ಪಾಲು ಶೇಕಡಾ ಎಷ್ಟು ಅನ್ನುವ ಕಾಲಮ್‌ನಲ್ಲಿ. ಭಾಗಾಕಾರದಲ್ಲಿ ಮೇಲೆ ಸಂಘದ ಸಮ್ (ಮೊತ್ತ), ಕೆಳಗೆ ತಾಲ್ಲೂಕು ಗ್ರೂಪಿನ ಹೆಸರು ಕೊಟ್ಟ ಸಮ್. ಬಂತು ಎರರ್: ಸ್ಕೋಪ್ ಸರಿಯಿಲ್ಲ, ಅದು ಸುತ್ತಲಿನ ಗ್ರೂಪಿನದೋ ಡೇಟಾ ರೀಜನ್‌ದೋ (ರಿಪೋರ್ಟಿನ ಕೋಷ್ಟಕ) ಡೇಟಾಸೆಟ್‌ದೋ (ಡೇಟಾಬೇಸಿನಿಂದ ತಂದ ಸಾಲುಗಳು) ಹೆಸರಾಗಿರಬೇಕು. ಹೆಸರು ಸರಿಯಾಗೇ ಇದೆಯಲ್ಲ! ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡ ಮೇಲೆ ಆರ್‌ಡಿಎಲ್ ಫೈಲನ್ನು (ರಿಪೋರ್ಟಿನ ವಿನ್ಯಾಸ ಇರುವ ಫೈಲು) ನೋಟ್‌ಪ್ಯಾಡ್‌ನಲ್ಲಿ ತೆರೆದು ಗ್ರೂಪ್‌ಗಳ ಹೆಸರು ಹುಡುಕಿದೆ. ಅಲ್ಲಿ ಇಂಗ್ಲಿಷ್ ಮೊದಲಕ್ಷರ ಚಿಕ್ಕದು, ನಾನು ಬರೆದದ್ದು ದೊಡ್ಡದು. ಇದಕ್ಕೆ ಅವೆರಡೂ ಬೇರೆ ಬೇರೆ ಹೆಸರು. ಅವತ್ತಿನಿಂದ ಡಿಸೈನರ್ (ರಿಪೋರ್ಟ್ ಬಿಡಿಸುವ ತೆರೆ) ತೋರಿಸುವ ಹೆಸರನ್ನು ನಾನು ನಂಬುವುದಿಲ್ಲ. ನೇರ ಫೈಲಿಗೇ ಹೋಗಿ ಕಾಪಿ ಮಾಡುತ್ತೇನೆ.

ಆಮೇಲೆ ಮಾಡಿದ್ದು ಶುದ್ಧ ಕಳ್ಳಾಟ. ಎಲ್ಲೆಲ್ಲಿ ಎರರ್ ಬಂತೋ ಅಲ್ಲೆಲ್ಲ ಡೇಟಾಸೆಟ್ ಹೆಸರು ತುರುಕಿದೆ. ಎರರ್ ಮಾಯ. ಆದರೆ ಟ್ಯಾಬ್ಲಿಕ್ಸ್‌ಗೆ (ರಿಪೋರ್ಟಿನ ಕೋಷ್ಟಕಕ್ಕೆ) ಹಾಕಿದ್ದ ಫಿಲ್ಟರ್ ಡೇಟಾಸೆಟ್ ಮಟ್ಟದ ಮೊತ್ತಕ್ಕೆ ತಾಗುವುದಿಲ್ಲ. ನಿಂತುಹೋದ ಸಂಘಗಳ ಹಾಲೂ ಒಟ್ಟಿನಲ್ಲಿ ಸೇರಿಕೊಂಡಿತು. ಕಡಿತದ ಕಾಲಮ್ಮಿನದು ಇನ್ನೂ ಚೆಂದ. ಅದು ಎರಡನೇ ಡೇಟಾಸೆಟ್. ಅಲ್ಲಿಂದ ಫೀಲ್ಡ್ ಎಳೆದು ಹಾಕಿದಾಗ ಡಿಸೈನರ್ ತಾನಾಗೇ "ಫಸ್ಟ್" (ಮೊದಲ ಸಾಲಿನದು ಮಾತ್ರ) ಸೇರಿಸಿಬಿಟ್ಟಿದೆ ಅನ್ನುವುದು ಗಮನಕ್ಕೇ ಬಂದಿರಲಿಲ್ಲ. ಲೆಕ್ಕಾಧಿಕಾರಿಗಳು ಕನ್ನಡಕ ಮೇಲೇರಿಸಿ ಕೇಳಿದರು: "ಏನ್ರೀ ಇದು, ಜಿಲ್ಲೆಯವರೆಲ್ಲ ಮಾತಾಡ್ಕೊಂಡು ಒಂದೇ ಸಮ ಹಿಂಡಿ ತಗೊಂಡಿದಾರಾ?"

ಪ್ರತಿ ಸಂಘಕ್ಕೂ ಒಂದು ಸಬ್‌ರಿಪೋರ್ಟ್ ಇಟ್ಟು ನೋಡಿದೆ. ಸುಮಾರು ನಾನೂರು ಸಂಘ, ನಾನೂರು ಸಲ ಡೇಟಾಬೇಸಿಗೆ ಕ್ವೆರಿ. ನಾಲ್ಕು ನಿಮಿಷ ಚಕ್ರ ತಿರುಗುತ್ತಿತ್ತು. ಸರಿ, ಕಡಿತವನ್ನು ಹಾಲಿನ ಸಾಲುಗಳಿಗೇ ಜಾಯಿನ್ ಮಾಡೋಣ (ಪಕ್ಕಕ್ಕೆ ಜೋಡಿಸೋಣ) ಅಂದರೆ ಹದಿನೈದು ದಿನ, ದಿನಕ್ಕೆರಡು ಹೊತ್ತು, ಅದೇ ಕಡಿತ 30 ಸಲ. ಸಂಘದ ಮಟ್ಟದಲ್ಲಿ ಮ್ಯಾಕ್ಸ್ (ಅತಿ ದೊಡ್ಡದು ಮಾತ್ರ) ಹಾಕಿದರೆ ಸರಿ ಬರುತ್ತದೆ. ತಾಲ್ಲೂಕಿಗೆ ಬಂದಾಗ ಆ ಮ್ಯಾಕ್ಸ್‌ಗಳ ಸಮ್ ಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಆರ್‌ಎಸ್‌ನ 2008 ಆರ್2 ಆವೃತ್ತಿ, ಅದರಲ್ಲಿ ಅಗ್ರಿಗೇಟ್ ಒಳಗೆ ಅಗ್ರಿಗೇಟ್ (ಮ್ಯಾಕ್ಸ್‌ಗಳ ಮೇಲೆ ಸಮ್) ಆರಾಮಾಗಿ ನಡೆಯಿತು. ಕುಣಿದಾಡಿ ಬಸ್ಸು ಹತ್ತಿದೆ. ಅವರ ಸರ್ವರ್ ಬರೀ 2008! ಫೈಲನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಲುಕಪ್ (ಇನ್ನೊಂದು ಡೇಟಾಸೆಟ್‌ನಿಂದ ಹುಡುಕಿ ತರುವುದು) ಕೂಡ ಆರ್2ನಲ್ಲೇ ಬಂದದ್ದು, ಆ ದಾರಿಯೂ ಬಂದ್. ಸರ್ವರ್ ಬದಲಿಸಿ ಅಂದರೆ ಟೆಂಡರ್ ಅಂದರು.

ವಾಪಸ್ ಬರುವ ಬಸ್ಸಿನಲ್ಲಿ ಟಿಕೆಟ್ ಹಿಂದೆ ಗೀಚುತ್ತಾ ಹೊಳೆದದ್ದು ಇದು. ಜಾಯಿನ್ ಯಾಕೆ ಬೇಕು? ಯೂನಿಯನ್ ಆಲ್ (ಸಾಲುಗಳನ್ನು ಒಂದರ ಕೆಳಗೊಂದು ಸೇರಿಸುವುದು) ಹಾಕಿ ಕಡಿತವನ್ನೇ ಒಂದು ಸಾಲು ಮಾಡಿದರೆ ಆಯಿತಲ್ಲ: ಅದೇ ತಾಲ್ಲೂಕು, ಅದೇ ರೂಟ್, ಅದೇ ಸಂಘ, ಲೀಟರ್ ಸೊನ್ನೆ, ಕಡಿತದ ಕಾಲಮ್‌ನಲ್ಲಿ ಮೊತ್ತ. ಹಾಲಿನ ಸಾಲಿನಲ್ಲಿ ಕಡಿತ ಸೊನ್ನೆ. ಆಗ ಯಾವ ಮಟ್ಟದಲ್ಲಿ ನಿಂತರೂ ಬರೀ ಸಮ್ ಸಾಕು, ಸ್ಕೋಪ್ ಬರೆಯುವ ಕೆಲಸವೇ ಇಲ್ಲ. ಇಡೀ ರಿಪೋರ್ಟಿನಲ್ಲಿ ಈಗ ಸ್ಕೋಪ್ ಹೆಸರು ಇರುವುದು ಆ ಶೇಕಡಾ ಕಾಲಮ್‌ನಲ್ಲಿ ಮಾತ್ರ. "ಸಾಲು ಜಾಸ್ತಿಯಾಗಿ ನಿಧಾನ ಆಗುತ್ತೆ ನೋಡು" ಅಂದರು ಹಿರಿಯರು. ಇಪ್ಪತ್ತು ಸೆಕೆಂಡೂ ಹಿಡಿಯಲಿಲ್ಲ. ಆದರೆ ಎಚ್ಚರ, ಹೀಗೆ ಮಾಡಿದ ಮೇಲೆ ಆವರೇಜ್, ಕೌಂಟ್ ಎರಡನ್ನೂ ಮುಟ್ಟುವ ಹಾಗಿಲ್ಲ. ಸೊನ್ನೆ ಸಾಲುಗಳೂ ಎಣಿಕೆಗೆ ಬರುತ್ತವೆ.

ಆವರೇಜ್ ಮೊದಲೇ ಬೇಡವಾಗಿತ್ತು ಅನ್ನಿ. ಒಂದು ಸಂಘ 100 ಲೀಟರ್, ಫ್ಯಾಟ್ 4.2, ಇನ್ನೊಂದು 900 ಲೀಟರ್, 3.4. ಆವರೇಜ್ ಹಾಕಿದರೆ 3.8, ಎಲ್ಲರಿಗೂ ಖುಷಿ. ಲೀಟರಿನಿಂದ ಗುಣಿಸಿ, ಕೂಡಿ, ಒಟ್ಟು ಲೀಟರಿನಿಂದ ಭಾಗಿಸಿದರೆ 3.48. ಮೂರೂವರೆ ಬೇಕು ಅನ್ನುವ ಕಡೆ ಈ ವ್ಯತ್ಯಾಸ ಚಿಕ್ಕದಲ್ಲ. ಹಳೆ ರಿಪೋರ್ಟ್ ಎಷ್ಟು ವರ್ಷದಿಂದ ಮೊದಲನೆಯದನ್ನೇ ತೋರಿಸುತ್ತಿತ್ತೋ, ನಾನು ಕೇಳಲು ಹೋಗಲಿಲ್ಲ.

ಬೆಳಗಿನ ಹಾಲು ಬೇರೆ, ಸಂಜೆ ಹಾಲು ಬೇರೆ ತೋರಿಸುವಾಗ ಬಂದ ಎರರನ್ನೂ ಎರಡು ದಿನ ಸ್ಕೋಪ್ ತಲೆಗೇ ಕಟ್ಟಿದ್ದೆ. ಅದು ಬೇರೆಯೇ ಕಾಯಿಲೆ. ಐಐಎಫ್ (ಹೌದಾದರೆ ಇದು, ಇಲ್ಲವಾದರೆ ಅದು ಅನ್ನುವ ಸೂತ್ರ) ಒಳಗೆ ಲೀಟರ್ ಡೆಸಿಮಲ್ (ದಶಮಾಂಶ), ಸೊನ್ನೆ ಇಂಟೀಜರ್ (ಪೂರ್ಣಾಂಕ). ಎರಡನ್ನೂ ಬೆರೆಸಿ ಕೂಡಲು ಸಮ್ ಒಪ್ಪುವುದಿಲ್ಲ. ಸೊನ್ನೆಗೆ ಸಿಡೆಕ್ ಹಾಕಿ ಡೆಸಿಮಲ್ ಮಾಡಿದೆ, ಸುಮ್ಮನಾಯಿತು.

ಸಾಹೇಬರಿಗೆ ಹಳೆ ಲೆಡ್ಜರ್ ಥರ "ಹಿಂದಿನ ಪುಟದಿಂದ ತಂದದ್ದು" ಅನ್ನುವ ಸಾಲು ಬೇರೆ ಬೇಕಿತ್ತು. ಕ್ರಿಸ್ಟಲ್ ಚಟ, ಮೊತ್ತ ನೆನಪಿಡಲು ಕೋಡ್ ಒಳಗೆ ವೇರಿಯಬಲ್ ಇಟ್ಟೆ. ಪಿಡಿಎಫ್‌ನಲ್ಲಿ ಸರಿ, ಸ್ಕ್ರೀನಿನಲ್ಲಿ ಪುಟ ತಿರುಗಿಸಿದರೆ ಮತ್ತೆ ಸೊನ್ನೆಯಿಂದ. ಆ ಪುಟದ ಮೊತ್ತವಷ್ಟೇ ಸಾಕಾದರೆ ಫುಟರ್‌ನಲ್ಲಿ ರಿಪೋರ್ಟ್ ಐಟಮ್ಸ್ (ಆ ಪುಟದಲ್ಲಿ ಕಾಣುವ ಕೋಶಗಳು) ಮೇಲೆ ಸಮ್ ಹಾಕಬಹುದು, ಅದು ನಡೆಯುವುದು ಹೆಡರ್, ಫುಟರ್‌ನಲ್ಲಿ ಮಾತ್ರ. ಹಿಂದಿನ ಪುಟದ್ದನ್ನು ಕೊನೆಗೆ ಹೇಗೆ ತಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲೇ ಇನ್ನೆರಡು ಕೆಲಸ ಸಿಕ್ಕಿವೆ.

ಕೊನೆಯ ದಿನ ಲೆಕ್ಕಾಧಿಕಾರಿಗಳು ಒಂದು ರೂಟ್ ಆರಿಸಿ, ಕ್ಯಾಲ್ಕುಲೇಟರ್ ಹಿಡಿದು ಹನ್ನೊಂದು ಸಂಘ ಕೂಡಿದರು. ಮತ್ತೆ ಕೂಡಿದರು. ಏನೂ ಮಾತಾಡದೆ ಬಿಲ್ಲಿಗೆ ಸಹಿ ಹಾಕಿದರು. ಬಾಕಿ ಇದ್ದ 30 ಸಾವಿರದಲ್ಲಿ ಟಿಡಿಎಸ್ ಹೋಗಿ 27 ಕೈಗೆ ಬಂತು.